ಇಂಡಿಯಾದ ನೆತ್ತಿಯ ಮೇಲೆ ಐಸ್‌ಲ್ಯಾಂಡ್

ಯಾವ ಕಾಗದ ಕೈಗೆ ಬಂದರೂ ಓದದೆ ಸಹಿ ಹಾಕುವುದು ನನ್ನ ಹಳೆಯ ಚಾಳಿ. ಮೈಸೂರಿನಲ್ಲಿ ಹೀಗೆಯೇ ಒಮ್ಮೆ ಸಹಿ ಮಾಡಿ, ಸಾಲಿನಲ್ಲಿ ನಿಂತು, ಸೂಜಿ ಚುಚ್ಚಿದ ಮೇಲೆ ಅದು ರಕ್ತದಾನ ಶಿಬಿರವೆಂದು ತಿಳಿದುಕೊಂಡವನು ನಾನು. ತೊಂಬತ್ತರ ದಶಕದಲ್ಲಿ ಅಮೆರಿಕದ ಕ್ಯಾರಿ ಊರಿನಲ್ಲಿದ್ದಾಗ, ಮಗಳು ಅನುವಿನ ಶಾಲೆಯಲ್ಲಿ ಪೋಷಕರು ಬೇರೆ ಬೇರೆ ದೇಶದ ರಾಷ್ಟ್ರಗೀತೆ ಹಾಡುವ ಹಬ್ಬವಿತ್ತು. ಅದರ ಪಟ್ಟಿಗೂ ಆಫೀಸಿಗೆ ಹೊರಟ ಅವಸರದಲ್ಲೇ ಸಹಿ ಬಿತ್ತು. ಇಂಗ್ಲಿಷ್ ಅಕ್ಷರಕ್ರಮದಲ್ಲಿ ಇಂಡಿಯಾದ ನೆತ್ತಿಯ ಮೇಲೇ ಐಸ್‌ಲ್ಯಾಂಡ್ ಕೂತಿರುತ್ತದೆಂದು ಯಾರಿಗೆ ಗೊತ್ತಿತ್ತು?

ಟೀಚರಿಂದ ಚೀಟಿ ಬಂತು: ಐಸ್‌ಲ್ಯಾಂಡಿಗೆ ಹೆಸರು ಕೊಟ್ಟವರು ಇಷ್ಟು ವರ್ಷದಲ್ಲಿ ನೀವೇ ಮೊದಲು, ತುಂಬಾ ಸಂತೋಷ. ತಪ್ಪೊಪ್ಪಿಕೊಳ್ಳಲು ಫೋನ್ ಎತ್ತಿದೆ. ಅನು ಅಡ್ಡ ಬಂದಳು. "ನೋ ಅಪ್ಪ, ನಾನು ಕ್ಲಾಸ್‌ನಲ್ಲಿ ಎಲ್ಲರಿಗೂ ಹೇಳಿದೀನಿ, ಮೈ ಡ್ಯಾಡ್ ಕ್ಯಾನ್ ಸಿಂಗ್ ಐಸ್‌ಲ್ಯಾಂಡ್." ಮಗಳ ಮಾನ ಹೋಗುವುದಕ್ಕಿಂತ ನನ್ನದೇ ಹೋಗಲಿ ಎಂದು ಫೋನ್ ಇಟ್ಟೆ.

ಲೈಬ್ರರಿಯಿಂದ ಕ್ಯಾಸೆಟ್ ತಂದೆ. ಆ ಗೀತೆಗೆ ರಾಗ ಹಾಕಿದ ಐಸ್‌ಲ್ಯಾಂಡಿನ ಮಹಾಶಯ ಎಡಿನ್‌ಬರೊದಲ್ಲಿ ಕೂತು ಬರೆದನಂತೆ. ಪರದೇಶದಲ್ಲಿ ಕೂತವನಿಗೆ ಊರಿನ ನೆನಪು ಎಷ್ಟು ಎತ್ತರಕ್ಕೆ ಏರುತ್ತದೋ ಅಷ್ಟು ಎತ್ತರಕ್ಕೆ ಹಾಡನ್ನೂ ಏರಿಸಿದ್ದ. ಸಂಗೀತದಲ್ಲಿ ಜೂನಿಯರ್ ಪಾಸಾಗಿದ್ದ ನನ್ನ ಹೆಂಡತಿ ವಿಮಲಾ ಕೇಳಿ ಕೇಳಿ ಸ್ವರ ಬರೆದಳು. "ರೀ, ಇದು ಒಂದೂವರೆ ಸ್ಥಾಯಿ ದಾಟತ್ತೆ. ಶ್ರುತಿ ಇಳಿಸ್ಕೊಳ್ಳಿ, ಇಲ್ದಿದ್ರೆ ಮೇಲೆ ಸಿಕ್ಕಾಕ್ಕೋತೀರ" ಎಂದು ಶ್ರುತಿಪೆಟ್ಟಿಗೆಯ ಗುಂಡಿಯ ಪಕ್ಕ ಪೆನ್ಸಿಲ್ ಗುರುತು ಹಾಕಿಕೊಟ್ಟಳು. ಸಾಹಿತ್ಯ ನಾಲಿಗೆಗೆ ಹತ್ತಲೇ ಇಲ್ಲ. ಸರಿಗಮದಲ್ಲೇ ಹಾಡುವುದೆಂದು ತೀರ್ಮಾನವಾಯಿತು. ಮೂರು ವಾರ ಕಾರಿನ ಗಾಜು ಏರಿಸಿಕೊಂಡು ಅಭ್ಯಾಸ ಮಾಡಿದೆ.

ಹಬ್ಬದ ದಿನ ಪೆನ್ಸಿಲ್ ಗುರುತಿಗೆ ಶ್ರುತಿಯಿಟ್ಟು ಹಾಡಿದೆ. ತುತ್ತತುದಿಯ ಸ್ವರವೂ ಹೇಗೋ ಕೈಗೆ ಸಿಕ್ಕಿತು. ಚಪ್ಪಾಳೆ ಬಿತ್ತು. ಅನುವಿನ ಮುಖ ನೋಡಿ ನನ್ನ ಕಣ್ಣು ತುಂಬಿತು. ಐಸ್‌ಲ್ಯಾಂಡಿನ ಭಾಷೆ ಇಷ್ಟು ಇಂಪೆಂದು ತಿಳಿದಿರಲಿಲ್ಲ ಎಂದು ಮುದುಕರೊಬ್ಬರು ಕೈಕುಲುಕಿದರು. ನಾನು ತಿದ್ದಲು ಹೋಗಲಿಲ್ಲ.

ಅಷ್ಟರಲ್ಲಿ ಇಂಡಿಯಾದ ಹೆಸರು ಕೂಗಿದರು. ಯಾರೂ ಏಳಲಿಲ್ಲ. "ನೀವಿದ್ದೀರಲ್ಲ ಅಂದ್ಕೊಂಡು ನಾವ್ಯಾರೂ ಸೈನ್ ಮಾಡ್ಲಿಲ್ಲ" ಎಂದರು ಪಕ್ಕದ ಆಂಟಿ. ಐಸ್‌ಲ್ಯಾಂಡನ್ನೇ ಗೆದ್ದವನಿಗೆ ಇದ್ಯಾವ ಲೆಕ್ಕ ಎಂದು ಮತ್ತೆ ವೇದಿಕೆ ಹತ್ತಿ, ಹುಮ್ಮಸ್ಸಿನಲ್ಲಿ ಶ್ರುತಿಯ ಗುಂಡಿಯನ್ನು ಪೆನ್ಸಿಲ್ ಗುರುತು ದಾಟಿಸಿ ಪೂರ್ತಿ ಮೇಲಕ್ಕೆ ತಿರುಗಿಸಿದೆ. ವಿಮಲಾ ಕೈ ಬೀಸಿದಳು. ಶುಭ ಹಾರೈಸುತ್ತಿದ್ದಾಳೆಂದುಕೊಂಡೆ. ಅರ್ಧ ದಾರಿಯಲ್ಲೇ ಗಂಟಲು ಕೈಕೊಟ್ಟಿತು. ಸಭೆಯಲ್ಲಿದ್ದ ನಮ್ಮವರೆಲ್ಲ ಎದ್ದು ನಿಂತು ತಮ್ಮ ತಮ್ಮ ಶ್ರುತಿಯಲ್ಲಿ ಹಾಡಿ ಮುಗಿಸಿದರು. ನಾನು ತುಟಿಯಾಡಿಸಿದೆ. ಅಷ್ಟು ಚೆನ್ನಾಗಿ ನಾನು ಎಂದೂ ಹಾಡಿರಲಿಲ್ಲ.

ಮನೆಗೆ ಹೋಗುವಾಗ ಕಾರಿನ ಹಿಂದಿನ ಸೀಟಿನಿಂದ ಅನು ಸಮಾಧಾನ ಹೇಳಿದಳು: "ಇಟ್ಸ್ ಓಕೆ ಅಪ್ಪ. ನೆಕ್ಸ್ಟ್ ಇಯರ್ ಐಸ್‌ಲ್ಯಾಂಡ್ ಮಾತ್ರ ಸೈನ್ ಮಾಡು. ಅದು ನಿಂಗೆ ಬರತ್ತೆ."