ಎರಡು ಒಲೆಗಳ ನಡುವೆ ಒಬ್ಬ ಗಣತಿದಾರ

ಸರಕಾರಿ ಶಾಲೆಯ ಮೇಷ್ಟ್ರ ಹೆಸರು ಯಾವುದಾದರೂ ಪಟ್ಟಿಯಲ್ಲಿ ಬಂತೆಂದರೆ ಅದು ಒಳ್ಳೆಯ ಸುದ್ದಿಯಾಗಿರುವ ಸಂಭವ ಬಹಳ ಕಡಿಮೆ. ಸನ್ಮಾನದ ಪಟ್ಟಿಯಲ್ಲಿ ನಮ್ಮ ಹೆಸರು ಕೈತಪ್ಪಿ ಬಿಟ್ಟುಹೋಗುತ್ತದೆ. ಬಡ್ತಿಯ ಪಟ್ಟಿ ನಮ್ಮ ಹೆಸರಿಗಿಂತ ಸರಿಯಾಗಿ ಒಂದು ಸಾಲು ಮೇಲೆ ಮುಗಿದುಹೋಗುತ್ತದೆ. ಚುನಾವಣೆಯ ಕೆಲಸಕ್ಕೆ ಮಾತ್ರ ತಂದೆಯ ಹೆಸರು, ಮನೆತನದ ಹೆಸರು ಸಮೇತ ಒಂದಕ್ಷರ ತಪ್ಪಿಲ್ಲದೆ ಅಚ್ಚಾಗಿರುತ್ತದೆ. ಹೀಗಾಗಿ ಮುಂಬರುವ ಜನಗಣತಿಗೆ ಗಣತಿದಾರರ ಪಟ್ಟಿ ಗಡಿಯಾಚೆ ತೆಲುಗು ಸೀಮೆಯ ಮಕ್ತಲಿನ ನಮ್ಮ ಶಾಲೆಗೆ ಬಂದಿದೆ ಎಂದು ಜವಾನ ಹೇಳಿದಾಗ, ಅದನ್ನು ನೋಡುವ ಶ್ರಮವನ್ನೇ ನಾನು ತೆಗೆದುಕೊಳ್ಳಲಿಲ್ಲ. ನೇರ ಮನೆಗೆ ಹೋಗಿ ಹೆಂಡತಿ ಸುಧಾಳಿಗೆ, "ನನ್ನ ಹೆಸರು ಬಂದದ" ಎಂದೆ. "ಯಾವುದರಾಗ?" ಎಂದಳು. ಹೇಳಿದೆ. "ಹಂಗಾದ್ರ ರಜಾದಾಗ ರಾಯಚೂರಿಗೆ ಹೋಗೂದು?" ಎಂದು ಕೇಳಿ, ಉತ್ತರಕ್ಕೂ ಕಾಯದೆ, ದೇಶದ ಜನರನ್ನು ಎಣಿಸಬೇಕೆಂದು ನಾನೇ ದೆಹಲಿಗೆ ಅರ್ಜಿ ಹಾಕಿದ್ದೆನೇನೋ ಎಂಬಂತೆ ನನ್ನನ್ನು ನೋಡಿ ಒಳಗೆ ಹೋದಳು.

ತರಬೇತಿ ನಾರಾಯಣಪೇಟೆಯಲ್ಲಿ. ನಮ್ಮ ಕಡೆಯವರಿಗೆ ತೆಲುಗಿನಲ್ಲಿ ಪಾಠ ಕೇಳಿ ಕನ್ನಡದಲ್ಲಿ ಚಿಂತೆ ಮಾಡುವ ಅಭ್ಯಾಸ ಮೊದಲಿನಿಂದಲೂ ಇದೆ; ಹಾಗಾಗಿ ಭಾಷೆಯ ತೊಂದರೆಯೇನೂ ಆಗಲಿಲ್ಲ. ಮೊದಲು ಮನೆಗಳ ಪಟ್ಟಿ ಮಾಡಬೇಕು, ನಂತರ ಜನರ ಎಣಿಕೆ, ಎಲ್ಲವೂ ಮೊಬೈಲಿನಲ್ಲೇ ಎಂದರು. ಗೋಡೆ ಯಾವುದರದು, ಸೂರು ಯಾವುದರದು, ನೀರು ಎಲ್ಲಿಂದ, ಒಲೆಗೆ ಏನು ಉರಿಸುತ್ತೀರಿ ಎಂಬ ಪ್ರಶ್ನೆಗಳೆಲ್ಲ ಸಲೀಸಾಗಿ ಹೋದವು. ಆಮೇಲೆ ಒಂದು ಕುಟುಂಬ ಎಂದರೆ ಏನು ಎಂಬ ಪ್ರಶ್ನೆ ಬಂತು. ರಕ್ತಸಂಬಂಧ, ಪ್ರೀತಿ, ವಂಶ ಎಂದೆಲ್ಲ ನಾವು ಹೇಳುತ್ತಿರುವಾಗ ತರಬೇತುದಾರರು ಕೈಯೆತ್ತಿ ಸುಮ್ಮನಾಗಿಸಿ, "ಒಕ ವಂಟಗದಿ, ಒಕ ಕುಟುಂಬಂ. ಅಂತೇ!" ಎಂದರು. ಒಂದೇ ಅಡುಗೆಮನೆಯಲ್ಲಿ ಉಣ್ಣುವವರು ಒಂದು ಕುಟುಂಬ. ಒಂದೇ ಸೂರಿನ ಕೆಳಗಿದ್ದರೂ ಅಡುಗೆ ಬೇರೆಯಾದರೆ ಕುಟುಂಬ ಬೇರೆ. ಎಲ್ಲರೂ ತಲೆಯಾಡಿಸಿ ಬರೆದುಕೊಂಡರು. ನನ್ನ ಪೆನ್ನು ಮಾತ್ರ ಅಲ್ಲೇ ನಿಂತಿತು.

ಯಾಕೆಂದರೆ ನಮ್ಮ ಮನೆಯಲ್ಲಿ ವೇಣತ್ಯಾ ಇದ್ದಾಳೆ. ನನ್ನ ತಂದೆಯ ಅಕ್ಕ. ಗದ್ವಾಲಕ್ಕೆ ಕೊಟ್ಟಿದ್ದರು, ಮಕ್ಕಳಾಗುವ ಮುಂಚೆಯೇ ಗಂಡ ತೀರಿಹೋಗಿ ತಮ್ಮನ ಮನೆಗೆ ಬಂದಳು. ಅಂದಿನಿಂದ ಕಟ್ಟಾ ಮಡಿ. ಹಿತ್ತಲ ಕೋಣೆಯಲ್ಲಿ ಅವಳದೇ ಇದ್ದಲಿ ಒಲೆ, ತಾನೇ ಸೇದಿದ ಬಾವಿಯ ನೀರು, ತಾನೇ ಮಾಡಿದ ಅಡುಗೆ, ಮಧ್ಯಾಹ್ನ ಒಂದು ಹೊತ್ತು ಊಟ. ಬೇರೆಯವರು ಮಾಡಿದ್ದನ್ನು ನಾಲಿಗೆಗೆ ಸೋಕಿಸಿದವಳಲ್ಲ. ನನ್ನ ಮದುವೆಯಲ್ಲಿಯೂ ಬಾಳೆಹಣ್ಣು ತಿಂದೇ ಕಾಲ ಕಳೆದಳು. ಅಪ್ಪ ಕೊನೆಯ ದಿನಗಳಲ್ಲಿ ನನ್ನ ಕೈ ಹಿಡಿದುಕೊಂಡು, "ಮನಿ ಮಾರು, ಬೇಕಾದ್ದು ಮಾಡು. ವೇಣಕ್ಕನ್ನ ಮಾತ್ರ ಬ್ಯಾರೆ ಮಾಡಬ್ಯಾಡೋ ಶೀನ್ಯಾ" ಎಂದಿದ್ದರು. ಆಗಲಿ ಎಂದಿದ್ದೆ. ಇಷ್ಟು ವರ್ಷ ಆ ಮಾತು ನಡೆಸಿದ್ದೇನೆ ಎಂಬುದು ನನ್ನ ಜೀವನದಲ್ಲಿ ಹೇಳಿಕೊಳ್ಳಬಹುದಾದ ಏಕೈಕ ಸಾಧನೆ. ಈಗ ಸರಕಾರ ನನ್ನ ಬೆರಳಿನಿಂದಲೇ, ನನ್ನದೇ ಮೊಬೈಲಿನಲ್ಲಿ, ಅವಳನ್ನು ಬೇರೆ ಮಾಡಿಸಲು ಹೊರಟಿತ್ತು. ಅದೂ ಸಾಲದೆ, ಅಭ್ಯಾಸಕ್ಕಾಗಿ ಎಲ್ಲರೂ ಮೊದಲು ಅವರವರ ಮನೆಯನ್ನೇ ತುಂಬಿಕೊಂಡು ಬರಬೇಕಂತೆ.

ನಮ್ಮ ಮೇಲ್ವಿಚಾರಕರು ತಾಯಪ್ಪ ಸಾರ್. ಇಲ್ಲೇ ನಮ್ಮ ಪಕ್ಕದ ಮದ್ದೂರಿನ ಕಡೆಯ ರೈತರ ಮನೆತನದವರು, ಮೃದು ಸ್ವಭಾವದವರು. ಚಹಾದ ಹೊತ್ತಿನಲ್ಲಿ ಅವರ ಕಾಲು ಹಿಡಿಯುವುದೊಂದು ಬಾಕಿ. "ಅಕ್ಕಿ ಒಂದೇ ಚೀಲದ್ದು, ಬ್ಯಾಳಿ ಒಂದೇ ಡಬ್ಬಿದು. ಮಡಿ ಸಲುವಾಗಿ ಒಲಿ ಬ್ಯಾರೆ, ಅಷ್ಟೇರಿ" ಎಂದೆ. ಅವರು ಪಾಪ, ನಿಜವಾಗಿಯೂ ಮರುಗಿದರು. "ಮಡಿ ಅಂತ ಕಾಲಂ ಇಲ್ಲಲ್ರೀ ಸಾರ್, ಏನು ಮಾಡಾಕ ಬರ್ತೈತಿ? ಅಕ್ಕಿ ಎಲ್ಲಿಂದ ಬಂತು ಅಂತ ಕೇಳಾಂಗಿಲ್ಲ. ಅನ್ನ ಎಲ್ಲಿ ಆತು ಅಂತ ಕೇಳತೈತಿ" ಎಂದರು. ಮಕ್ತಲಿಗೆ ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತೆ. ವೇಣತ್ಯಾ ನೊಂದುಕೊಂಡು, ಚೀಲ ಕಟ್ಟಿ, ಮಂತ್ರಾಲಯದ ಬಸ್ಸು ಹತ್ತುವ ಚಿತ್ರವೇ ಕಣ್ಣ ಮುಂದೆ ಬರುತ್ತಿತ್ತು. ಅಪ್ಪ ಬದುಕಿದ್ದರೆ ಬೈಯುತ್ತಿದ್ದರು. ಇಲ್ಲವಾದ್ದರಿಂದ ಅವರ ಪಾಲಿನದನ್ನೂ ನಾನೇ ಬೈದುಕೊಳ್ಳಬೇಕಾಯಿತು.

ಮನೆಗೆ ಬಂದ ಮೇಲೆ ಒಂದು ಉಪಾಯ ಹೊಳೆಯಿತು. ಉಪಾಯ ಹೊಳೆದಾಗಲೆಲ್ಲ ನನ್ನ ಪರಿಸ್ಥಿತಿ ಇನ್ನಷ್ಟು ಕೆಟ್ಟಿದೆ ಎಂಬುದು ಆ ಗಳಿಗೆಯಲ್ಲಿ ನೆನಪಾಗಲಿಲ್ಲ. ವೇಣತ್ಯಾ ಒಂದೇ ಒಂದು ದಿನ ಸುಧಾಳ ಅಡುಗೆಮನೆಯಲ್ಲಿ ಉಂಡುಬಿಟ್ಟರೆ, ಎಲ್ಲರೂ ಒಂದೇ ಎಂದು ಧೈರ್ಯವಾಗಿ ಬರೆಯಬಹುದಲ್ಲ! ಹೂಬತ್ತಿ ಹೊಸೆಯುತ್ತ ಕೂತಿದ್ದ ಅವಳ ಮುಂದೆ ಹೋಗಿ, "ಅತ್ಯಾ, ಒಂದಿನ ಸುಧಾನ ಕೈಯಾಗಿಂದು ಊಟಾ ಮಾಡು" ಎಂದೆ. ಅವಳು ಹೊಸೆಯುವುದನ್ನು ನಿಲ್ಲಿಸಿ, ಬಹಳ ಗಾಬರಿಯಿಂದ, "ಯಾಕೋ? ನಾ ಅಂಥಾ ಪಾಪಾ ಏನು ಮಾಡೀನಿ?" ಎಂದಳು. ಸುಧಾ ನನ್ನ ಬೆನ್ನ ಹಿಂದೆಯೇ ನಿಂತಿದ್ದಳು. ಆ ಸಂಜೆ ನಮ್ಮ ಮನೆಯಲ್ಲಿ ಪಾತ್ರೆಗಳು ಮಾತ್ರ ಮಾತಾಡಿದವು.

ಇನ್ನು ಉಪಾಯವಿಲ್ಲದೆ ಮರುದಿನ ವೇಣತ್ಯಾಗೆ ಎಲ್ಲವನ್ನೂ ಹೇಳಿಬಿಟ್ಟೆ. ಹೇಳುವಾಗ ನನ್ನ ದನಿ ಒಡೆಯಿತು, ಸುಳ್ಳೇಕೆ ಹೇಳಲಿ. "ಇದು ನನ್ನ ಮಾತಲ್ಲ ಅತ್ಯಾ, ಸರಕಾರದ ಮಾತು. ನಿನ್ನ ಅಡಿಗಿ ಬ್ಯಾರೆ ಅಂತ ನಿನ್ನ ಬ್ಯಾರೆ ಕುಟುಂಬ ಅಂತ ಬರೀಬೇಕಂತ" ಎಂದೆ. ಅವಳು ಕೈಯಲ್ಲಿದ್ದ ಹೂಬತ್ತಿಯನ್ನು ತಟ್ಟೆಗಿಟ್ಟಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆಮೇಲೆ ಮೆಲ್ಲಗೆ, "ಮತ್ತ ಆ ಕುಟುಂಬಕ್ಕ ಯಜಮಾನರು ಯಾರು ಅಂತ ಬರೀತಿ?" ಎಂದು ಕೇಳಿದಳು.

"ಇನ್ನ್ಯಾರು? ನೀನೇ."

"ನನ್ನ ಹೆಸರಿನ ಮ್ಯಾಲೆ ಇನ್ನೊಬ್ಬರ ಹೆಸರು ಇರೂದಿಲ್ಲಾ?"

"ಇಲ್ಲ."

"ಖರೇನ?" ಎಂದು ಮುಂದಕ್ಕೆ ಸರಿದು ಕೂತಳು. "ಮೊದಲು ಅಪ್ಪನ ಮಗಳು. ಗದ್ವಾಲದಾಗ ಅವರ ಹೇಣ್ತಿ. ಆಮ್ಯಾಲೆ ನಿಮ್ಮಪ್ಪನ ರೇಶನ್ ಕಾರ್ಡಿನ್ಯಾಗ ಎಲ್ಲಾರಕಿಂತ ಕೆಳಗ ನನ್ನ ಹೆಸರು. ಈಗ ನಿನ್ನ ಕಾರ್ಡಿನ್ಯಾಗೂ ಅಲ್ಲೇ. ಹುಟ್ಟಿದಾಗಿಂದ ಒಮ್ಮೆನೂ ಮ್ಯಾಲೆ ಬಂದಿಲ್ಲ ನೋಡು ನಾ. ಬರಿ, ಬರಿ. ಶೀನ್ಯಾ, ಪೂರಾ ಹೆಸರು ಬರಿ, ವೇಣೂಬಾಯಿ ಅಂತ." ಅವಳ ಕಣ್ಣು ತುಂಬಿತ್ತು. ನನ್ನದೂ ತುಂಬಿತು, ಆದರೆ ನನ್ನ ಕಣ್ಣೀರು ಅರ್ಧ ಸಂಕಟದ್ದು. ಅಪ್ಪನ ಮಾತು ಉಳಿಸಲು ನಾನು ಇಷ್ಟೆಲ್ಲ ಒದ್ದಾಡುತ್ತಿದ್ದರೆ, ಬೇರೆಯಾಗಲು ಇವಳು ತುದಿಗಾಲಲ್ಲಿ ನಿಂತಿದ್ದಾಳೆ!

ಯಜಮಾನಿಯಾದದ್ದೇ ತಡ, ಅವಳ ವರಸೆಯೇ ಬದಲಾಯಿತು. ಪ್ರಶ್ನೆ ಕೇಳಲು ಹಿತ್ತಲ ಬಾಗಿಲಿಂದ ಹೋದರೆ, "ಸರಕಾರದವರು ಹಿಂಗ ಬರ್ತಾರೇನು? ಮುಂದಿಂದ ಬಂದು ಬಾಗಿಲಾ ಬಡಿ" ಎಂದು ವಾಪಸು ಕಳಿಸಿದಳು. ನನ್ನ ಮನೆಗೆ ನಾನೇ ಸುತ್ತುಹಾಕಿ ಬಂದು ಬಾಗಿಲು ಬಡಿದೆ. ಎದುರು ಮನೆಯವರು ಹೊರಗೆ ಬಂದು ನೋಡಿದರು. ಒಳಗೆ ವೇಣತ್ಯಾ ಪೆಟ್ಟಿಗೆಯ ತಳದಲ್ಲಿದ್ದ ಗದ್ವಾಲ ಸೀರೆ ಉಟ್ಟು ಚಾಪೆಯ ಮೇಲೆ ಕೂತಿದ್ದಳು. ಮುಖ್ಯ ಆಹಾರಧಾನ್ಯ ಯಾವುದು ಎಂದೆ. "ಜ್ವಾಳ. ಏಕಾದಶಿಗೆ ಏನೂ ಇಲ್ಲ ಅಂತ ಬರಿ." ಹಾಗೆ ಬರೆಯಲು ಜಾಗವಿಲ್ಲ ಎಂದೆ. "ಮಾಡಿಕೊಳ್ಳಲಿಕ್ಕೆ ಹೇಳು" ಎಂದಳು. ಟಿ.ವಿ. ಇದೆಯೇ ಎಂದರೆ, "ಟಿ.ವಿ. ನಿಂದು. ಸಂಜೀ ಧಾರಾವಾಹಿ ನಂದು" ಎಂದಳು.

ಅದು ಮುಗಿದು, ಇನ್ನು ಸುಧಾಳ ಅಡುಗೆಮನೆಯ ಕುಟುಂಬ ಬಾಕಿ. ನಾನು, ಸುಧಾ, ಮಗಳು ಪಲ್ಲವಿ. ಇದರಲ್ಲೇನೂ ತಕರಾರು ಇರಲಾರದೆಂದು ನಡುಮನೆಯಲ್ಲಿ ಕೂತು "ಒಟ್ಟು ಜನ ಮೂರು" ಎಂದು ಒತ್ತಲು ಹೋದೆ. ಇನ್ನೂ ಪಾತ್ರೆಗಳ ಸದ್ದಿನಲ್ಲೇ ಮಾತಾಡುತ್ತಿದ್ದ ಸುಧಾ, "ತಡೀರಿ. ಮಧ್ಯಾಹ್ನದ ಊಟಾ ಸಾಲ್ಯಾಗ ಆಗ್ತದ. ಹೊಟ್ಟಿ ಸರಿ ಇಲ್ಲ ಅಂತ ನೀವು ರಾತ್ರಿ ಊಟಾ ಬಿಟ್ಟು ಎಷ್ಟು ದಿನಾ ಆತು? ನಾ ಕುದಿಸಿ ಕೊಟ್ಟ ಓಮಿನ ಕಷಾಯ ಬಿಟ್ರ ಏನು ತಗೋತೀರಿ ನೀವು ನನ್ನ ಅಡಿಗಿ ಮನ್ಯಾಗ?" ಎಂದಳು. ನಾನು ಬಾಯಿ ತೆರೆಯುವ ಮುಂಚೆ ವೇಣತ್ಯಾ ಹಿತ್ತಲಿಂದ, "ಅವಗ ಏನಾಗ್ಯದ ಹೊಟ್ಟಿಗೆ? ದಿನಾ ಸಂಜೀಕ ಸಾಲಿ ಬಿಟ್ಟು ಬಂದು ನನ್ನ ಸಾರು, ಅನ್ನ, ಗೊಜ್ಜು ಎಲ್ಲಾ ಬಳದು ಉಂಡು ಹೋಗ್ತಾನ. ಅವನ ಸಲುವಾಗಿ ಅಂತನ ನಾ ಹೆಚ್ಚಿಗಿ ಹಾಕಿರ್ತೀನಿ" ಎಂದಳು, ಬಹಳ ಅಭಿಮಾನದಿಂದ.

ಸುಧಾ ತರಬೇತಿಯಲ್ಲಿ ಕೊಟ್ಟಿದ್ದ ನನ್ನ ಕೈಪಿಡಿ ತೆಗೆದು, ಕುಟುಂಬವೆಂದರೇನು ಎಂಬ ಪುಟವನ್ನು ಹುಡುಕಿ, ನನ್ನ ಮುಂದೆ ಇಟ್ಟು, "ನಮ್ಮ ಕಡೆ ಎರಡು ಮಂದಿ ಅಂತ ಬರಕೋರಿ. ನಾನು, ಪಲ್ಲವಿ" ಎಂದಳು. ತಿಂಗಳುಗಟ್ಟಲೆ ಕುಡಿದ ಕಷಾಯವೆಲ್ಲ ಒಮ್ಮೆಲೇ ನನ್ನ ಗಂಟಲಿಗೆ ಬಂತು. ಮೊಬೈಲು ಹಿಡಿದು ಹಿತ್ತಲಿಗೆ ಓಡಿದೆ. "ಅತ್ಯಾ, ನಿನ್ನ ಕುಟುಂಬದಾಗ ನನ್ನೂ ಹಾಕ್ಕೋತೀನಿ, ಹ್ಞೂಂ ಅನ್ನು."

ವೇಣತ್ಯಾ ನನ್ನ ತಲೆ ಸವರಿದಳು. ಆದರೆ ಯಜಮಾನಿ ಯಜಮಾನಿಯೇ. "ಉಣ್ಣಲಿಕ್ಕೆ ದಿನಾ ಬಾರೋ ಕಂದಾ, ನಾ ಇರೂತನಕಾ ಹಾಕ್ತೀನಿ. ಲೆಕ್ಕದಾಗ ಮಾತ್ರ ಬ್ಯಾಡ. ಈಗಿನ್ನೂ ಒಬ್ಬಾಕಿ ಆಗೀನಿ, ಅಷ್ಟರಾಗ ನಿನ್ನ ಎಲ್ಲಿ ಸೇರಿಸ್ಕೊಳ್ಳಲಿ?"

ಮುಂದಿನ ತರಬೇತಿಯ ದಿನ ತಾಯಪ್ಪ ಸಾರ್ ಎಲ್ಲರ ಅಭ್ಯಾಸದ ಕೆಲಸ ನೋಡುತ್ತ ಬಂದರು. ನನ್ನದನ್ನು ಮೇಲೆ ಕೆಳಗೆ ಸರಿಸಿ ನೋಡಿ, "ಎರಡು ಕುಟುಂಬ, ಮೂರು ಮಂದಿ. ಪದ್ಧತಿ ಪ್ರಕಾರನ ಐತ್ರಿ ಸಾರ್. ಆದ್ರ ಇದರಾಗ ಗಂಡಸರೇ ಇಲ್ಲಲ್ರೀ?" ಎಂದರು. ನಡೆದದ್ದನ್ನೆಲ್ಲ ಹೇಳಿದೆ. ಅವರು ನಗಲಿಲ್ಲ, ನಕ್ಕಿದ್ದರೆ ಎಷ್ಟೋ ಮೇಲಾಗಿತ್ತು. ನನ್ನ ಭುಜದ ಮೇಲೆ ಕೈಯಿಟ್ಟು, "ಮನಸಿಗೆ ಹಚ್ಚಿಕೋಬ್ಯಾಡ್ರೀ. ಯಾವ ಮನೀಗೂ ಸೇರದಿದ್ದೋರ್ನ ಎಣಿಸಾಕ ಸರಕಾರ ಒಂದು ರಾತ್ರಿ ಬ್ಯಾರೆನ ಇಟ್ಟೈತಿ. ಬಸ್ ಸ್ಟ್ಯಾಂಡಿನಾಗ, ಗುಡಿ ಕಟ್ಟಿ ಮ್ಯಾಲೆ ಮಲಗಿದೋರ್ನ ಎಬ್ಬಿಸಿ ಬರಕೋತೀವಿ. ಅವತ್ತು ಒಂದು ಚಾದರ ತಗೊಂಡು ಮಕ್ತಲ್ ಬಸ್ ಸ್ಟ್ಯಾಂಡಿಗೆ ಬಂದು ಮಲಕೋರಿ" ಎಂದರು.

ಎಲ್ಲಾದರೂ ಒಂದು ಕಡೆ ಲೆಕ್ಕಕ್ಕೆ ಸಿಕ್ಕೆನಲ್ಲ ಎಂದು ಸ್ವಲ್ಪ ಸಮಾಧಾನವಾಯಿತು. ನನ್ನನ್ನು ಎಬ್ಬಿಸುವವರು ಯಾರೆಂದು ಗೊತ್ತಿದ್ದರೆ ಮೊದಲೇ ಒಂದು ಮಾತು ಹೇಳಿಡಬಹುದೆಂದು, ಆ ರಾತ್ರಿ ಬಸ್ ಸ್ಟ್ಯಾಂಡು ಯಾರ ಪಾಲಿಗೆ ಬಂದಿದೆ ಎಂದು ಕೇಳಿದೆ.

ತಾಯಪ್ಪ ಸಾರ್ ಹಾಳೆ ತಿರುವಿ ನೋಡಿದರು. "ನಿಮಗ ಹಾಕೀನ್ರಿ ಸಾರ್" ಎಂದರು.