ಬ್ಲೆಂಡಿಗೆ ಹಿಂದಿಯಲ್ಲಿ ಏನಂತಾರ?

ಓಣಿಗೆ ಹಿಂದಿ ಟೀಚರ್ ಒಬ್ಬಳೇ ಇದ್ದರೆ ಇಂಥ ಪ್ರಶ್ನೆಗಳು ತಪ್ಪುವುದಿಲ್ಲ. ಮದುವೆ ಪತ್ರಿಕೆಯಿಂದ ಹಿಡಿದು ಟ್ರ್ಯಾಕ್ಟರಿನ ಹಿಂದೆ ಬರೆಸುವ ಸಾಲಿನವರೆಗೆ ಎಲ್ಲದಕ್ಕೂ ನನ್ನ ಬಾಗಿಲಿಗೇ ಬರುತ್ತಾರೆ. ನಾನೂ ಕನ್ನಡಕ ಏರಿಸಿಕೊಂಡು ಗತ್ತಿನಿಂದ ಕೂಡುತ್ತೇನೆ. ಆ ಗತ್ತೇ ಒಮ್ಮೆ ನನಗೆ ಮುಳುವಾಯಿತು.

೧. ಕಾರು ನಿಲ್ಲಿಸುವ ಶಬ್ದ

ಚಿಕ್ಕೋಡಿಯ ನಮ್ಮ ಓಣಿಯಲ್ಲಿ ನಮ್ಮ ಅತ್ತಿ, ಅಂದರೆ ನನ್ನ ಗಂಡನ ತಾಯಿ, ಮಾಡುವ ಮಸಾಲಿ ಖಾರವಿಲ್ಲದೆ ಯಾರ ಮನೆಯ ಪಲ್ಯವೂ ಕುದಿಯುತ್ತಿರಲಿಲ್ಲ. ಹೋದ ಬೇಸಿಗೆಯಲ್ಲಿ ಹೆಣ್ಣುಮಕ್ಕಳೆಲ್ಲ ಸೇರಿ ಅದನ್ನು ಪಾಕೀಟು ಮಾಡಿ ಮಾರುವುದೆಂದು ಠರಾಯಿಸಿದೆವು. ಖಾರ ಅತ್ತಿಯ ಪಾಲಿಗೆ, ಲೇಬಲ್ ನನ್ನ ಪಾಲಿಗೆ.

ನಿಪ್ಪಾಣಿಯ ಪ್ರೆಸ್ಸಿನವನು ಮೊದಲಿಗೇ ತಕರಾರು ತೆಗೆದ. "ಬರೇ ಮಸಾಲಿ ಅಂದ್ರ ಯಾರ ತಗೋತಾರ್ರಿ ಟೀಚರ್? ಇಂಗ್ಲಿಷ್‌ನ್ಯಾಗ 'ಬ್ಲೆಂಡ್' ಅಂತ ಹಾಕ್ರಿ, ಹೈವೇದಾಗ ಕಾರ್ ನಿಂದ್ರತಾವ. ಕೆಳಗ ಅದರ ಹಿಂದಿ ಬರೀರಿ."

"ಬ್ಲೆಂಡ್ ಅಂದ್ರ ಏನ ಗೊತ್ತೈತೇನಪಾ?"

"ಗೊತ್ತಿದ್ರ ನಿಮ್ಮನ್ಯಾಕ ಕೇಳ್ತಿದ್ದೆ."

೨. ಪೂರ್ತಿ ಅಂಕ

ನಿಘಂಟು ಹಿಡಿದು ಕೂತೆ. 'ಘೋಲ್' ಅಂದರೆ ನೀರಿನಲ್ಲಿ ಕರಗಿಸಿದ್ದು, ಅದಲ್ಲ. 'ಮಿಲಾವಟ್' ಅಂದರೆ ಕಲಬೆರಕೆ. ಅದನ್ನು ಬರೆದರೆ ಕಾರಿಗಿಂತ ಮೊದಲು ಪೊಲೀಸ್ ಜೀಪು ನಿಲ್ಲುತ್ತದೆ. ಉಳಿದದ್ದು 'ಮಿಶ್ರಣ್', 'ಸಮ್ಮಿಶ್ರಣ್'. ಯಾವುದು ನಾಲಿಗೆಗೆ ಹಗುರ ನೋಡೋಣವೆಂದು, ರಜೆ ಬೀಳುವ ಮುಂಚೆ, ಏಳನೆಯ ತರಗತಿಯಲ್ಲಿ 'ಮಿಶ್ರಣ್' ಕೊಟ್ಟು ವಾಕ್ಯ ಮಾಡಲು ಹೇಳಿದೆ. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು ಓದಿದಳು: "ಹಮಾರೀ ಟೀಚರ್ ಕೀ ಹಿಂದೀ, ಕನ್ನಡ್ ಔರ್ ಮರಾಠೀ ಕಾ ಮಿಶ್ರಣ್ ಹೈ."

ನನ್ನ ಹಿಂದಿಯೇ ಕನ್ನಡ, ಮರಾಠಿಗಳ ಬೆರಕೆಯಂತೆ! ತಪ್ಪು ಹುಡುಕಿದೆ. ಒಂದೂ ಸಿಗಲಿಲ್ಲ. ಪೂರ್ತಿ ಅಂಕ ಕೊಟ್ಟೆ.

೩. ಎಂಟು ದಿನ

ಅಷ್ಟೂ ದಿನ ಅತ್ತಿ ಒಲೆಯ ಮುಂದಿನಿಂದ ಕರೆಯುತ್ತಲೇ ಇದ್ದರು. "ಬಾರವಾ, ಯಾವುದು ಎಷ್ಟ ಅಂತ ಬರಕೋ. ನನಗ ಬರಿಯಾಕ ಬರಂಗಿಲ್ಲ, ನಿನಗ ಹುರಿಯಾಕ ಬರಂಗಿಲ್ಲ."

"ತಡೀರಿ ಅತ್ತಿ, ಶಬ್ದ ಇನ್ನಾ ಕುಂದ್ರವಲ್ತು."

"ಒಂದ ಶಬ್ದಕ್ಕ ಎಂಟ ದಿನಾ. ನಿನ್ನ ಕೈಯಾಗ ಸಾಸಿವಿ ಕೊಟ್ಟಿದ್ರ ಇಷ್ಟ್ರೊಳಗ ಒಂದೊಂದ ಕಾಳಿಗೂ ಹೆಸರ ಇಟ್ಟಿರತಿದ್ದಿ."

ನಕ್ಕೆ, ಏಳಲಿಲ್ಲ. ಒಳಗೆ ಏನೇನಿದೆ ಎಂಬ ಸಾಲು ಬೇಕೆಂದು ಪ್ರೆಸ್ಸಿನವನು ಫೋನ್ ಮಾಡಿದಾಗ ಕೂತಲ್ಲಿಂದಲೇ 'ಆಯ್ದ ಮಸಾಲೆ ಪದಾರ್ಥಗಳು' ಎಂದು ಬರೆಸಿದೆ. ಅಕ್ಷರ ಮಾತ್ರ ಬಹಳ ಚಂದ ಬಂದಿದ್ದವು.

೪. ಬಾಜೂಮನೆ ವೈನಿ

ಮೊದಲ ಪಾಕೀಟು ನೋಡಲು ಬಂದವರು ಬಾಜೂಮನೆಯ ವೈನಿ, ಓಣಿಗೆಲ್ಲ ಅತ್ತಿಗೆ. ಜೈನರು; ಅವರ ಮನೆಯಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿ ಹೊಸ್ತಿಲು ದಾಟುವುದಿಲ್ಲ. ಪಾಕೀಟನ್ನು ಹಿಂದೆ ಮುಂದೆ ತಿರುಗಿಸಿ ಕೇಳಿದರು, "ಇದರಾಗ ಬಳ್ಳೊಳ್ಳಿ ಐತೇನ್ರಿ ಟೀಚರ್?"

"ಮಿಶ್ರಣ್ ಅಂತ ಬರದೈತಲ್ರಿ ವೈನಿ. ಸಂಸ್ಕೃತದಿಂದ ಬಂದದ್ದು."

"ಬರ್ಲಿ ಪಾಪ. ಬಳ್ಳೊಳ್ಳಿ ಬಂದೈತೇನು?"

ನಾನು ಬಾಯಿ ತೆರೆಯುವುದರೊಳಗೆ ಅತ್ತಿ ಒಳಗಿನಿಂದ ಕೂಗಿದರು: "ನಿಂದು ಬಳ್ಳೊಳ್ಳಿ ಬೀಳೂಕ ಮೊದಲ ತಗದಿಟ್ಟೇನಿ, ಡಬ್ಬಿ ತೊಗೊಂಡ ಬಾ. ಆಕಿನ್ನೇನ ಕೇಳ್ತಿ, ಆಕಿ ಹೊರಗಿಂದಷ್ಟ ಬರದಾಳ."

೫. ಸಾಕು

ದೀಪಾವಳಿಗೆ ಮುಂಚೆ ಅತ್ತಿ ತೀರಿಕೊಂಡರು. ಬೆಳಿಗ್ಗೆ ಚಹಾ ಕುಡಿದು ತುಸು ಅಡ್ಡಾಗುತ್ತೇನೆ ಎಂದವರು ಏಳಲಿಲ್ಲ. ಪಾಕೀಟುಗಳೂ ಮುಗಿದವು.

ಈ ಬೇಸಿಗೆಯಲ್ಲಿ ವೈನಿಯೂ ಸೇರಿ ಐದು ಮಂದಿ ಹೆಂಗಸರು ಹುರಿದದ್ದನ್ನೆಲ್ಲ ಬುಟ್ಟಿಗಳಲ್ಲಿ ಹೊತ್ತು ಖಾರ ಕುಟ್ಟುವ ಗಿರಣಿಗೆ ಹೋದೆವು. ನನ್ನ ಕೈಯಲ್ಲಿ ಕೊನೆಯ ಖಾಲಿ ಪಾಕೀಟು. ಇಂಗ್ಲಿಷ್‌ನಲ್ಲಿ ಬ್ಲೆಂಡ್ ಇದೆ, ಹಿಂದಿಯಲ್ಲಿ ಮಿಶ್ರಣ್ ಇದೆ, ಒಂದು ಕಾಗುಣಿತವೂ ತಪ್ಪಿಲ್ಲ. ಯಾವುದು ಎಷ್ಟು ಎಂಬುದು ಮಾತ್ರ ಎಲ್ಲೂ ಇಲ್ಲ.

"ಅಳತಿ ಹೇಳ್ರಿ," ಅಂದ ಗಿರಣಿಯವನು.

"ಅತ್ತಿ ನಿನಗ ಹೆಂಗ ಹೇಳ್ತಿದ್ರು?"

"ಅವ್ರೆಲ್ಲಿ ಅಳತಿ ಹೇಳ್ತಿದ್ರರಿ. 'ಹಾಕು' ಅಂದಾಗ ಹಾಕ್ತಿದ್ದೆ, 'ಸಾಕು' ಅಂದಾಗ ಬಿಡ್ತಿದ್ದೆ."

"ಹಂಗಾರ ಹಾಕು," ಅಂದೆ.

ಮೆಣಸಿನಕಾಯಿಯ ಮೇಲೆ ಕೊತ್ತಂಬರಿ ಬೀಜ ಬಿತ್ತು, ಒಣಕೊಬ್ಬರಿ ಬಿತ್ತು, ಲವಂಗ ಬಿತ್ತು. ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಅವನು ಕೈ ನಿಲ್ಲಿಸದೆಯೇ ಕೇಳಿದ, "ಹಾಕು ಅನ್ನಾಕ ಐದ ಮಂದಿ ಬಂದೀರಿ. ಸಾಕು ಯಾರ ಅನ್ನಾರು?"

ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಖಾರದ ಘಾಟು ಎಂದು ಹೇಳಿಕೊಳ್ಳಲು ಗಿರಣಿಯಂಥ ಅನುಕೂಲದ ಜಾಗ ಇನ್ನೊಂದಿಲ್ಲ. ಅಷ್ಟರಲ್ಲಿ ಅವನ ಕೈ ಉಳ್ಳಾಗಡ್ಡಿ-ಬಳ್ಳೊಳ್ಳಿಯ ಬುಟ್ಟಿಗೆ ಹೋಯಿತು.

"ಸಾಕು," ಅಂದರು ಬಾಜೂಮನೆ ವೈನಿ, ತಮ್ಮ ಡಬ್ಬಿಯನ್ನು ಅವನ ಮುಂದೆ ಚಾಚಿ.

ಇಡೀ ಮಸಾಲಿಯಲ್ಲಿ ಈಗ ನಮಗೆ ಖಾತ್ರಿಯಾಗಿ ಗೊತ್ತಿರುವ ಅಳತಿ ಅದೊಂದೇ.