ಬೀದಿ ದಾಟಿದ ದೊಡ್ಡವ್ವ

ನಮ್ಮ ದೊಡ್ಡವ್ವ ಯಾರನ್ನಾದರೂ ಊಟಕ್ಕೆ ಕರೆದರೆ ಅದು ಕರೆದಂತಲ್ಲ, ಹಿಡಿದು ಹಾಕಿದಂತೆ! ಮದ್ದೂರಿನ ಬಸ್ಸಿಗೆ ಹೊರಟವನನ್ನೂ ಮುದ್ದೆಯ ಮುಂದೆ ಕೂರಿಸಿಬಿಡುತ್ತಿದ್ದಳು. ಈ ಗುಣ ಯಾರ ಕಣ್ಣಿಗೆ ಬೀಳಬೇಕು ಹೇಳಿ? ಮಂಡ್ಯದಿಂದ ಬಂದ ಡಾಕ್ಟರ ಕಣ್ಣಿಗೇ ಬಿತ್ತು.

ಹೊಸ ನಾಲೆಯ ನೀರು ಹರಿದ ಮೇಲೆ ಗದ್ದೆಗೆ ಭತ್ತ ಬಂತು, ನಮಗೆ ಚಳಿಜ್ವರ ಬಂತು. ಹಿಂದಿನ ಮಳೆಗಾಲದಲ್ಲಿ ನಮ್ಮ ಬೀದಿಯ ಮಕ್ಕಳನ್ನೇ ಅದು ತಿಂದಿತ್ತು. ದೊಡ್ಡವ್ವನ ಮೊಮ್ಮಗಳೂ ಹೋಗಿದ್ದಳು. ಜ್ವರ ಬರದಂತೆ ತಡೆಯುವ ಹೊಸ ಮಾತ್ರೆಯೊಂದನ್ನು ಡಾಕ್ಟರು ಪರೀಕ್ಷಿಸಬೇಕಾಗಿತ್ತು. ಅದಕ್ಕೆ ಜನ ಬೇಕು, ಅವರನ್ನು ಕರೆತರುವ ಕೆಲಸವನ್ನು ದೊಡ್ಡವ್ವನಿಗೇ ಒಪ್ಪಿಸಿದರು; ಮೊದಲು ಬೆರಳಿಗೆ ಸೂಜಿ ಚುಚ್ಚಿ ರಕ್ತ ನೋಡಬೇಕು. ಸೂಜಿ ಎಂದೊಡನೆ ಊರಿಗೆ ಊರೇ ಗದ್ದೆಗೆ ಓಡಿತು. ದೊಡ್ಡವ್ವ ಬಿಡುತ್ತಾಳೆಯೇ? ವರಸೆಯಲ್ಲಿ ಮೈದುನನಾಗಬೇಕಾದ ಪಟೇಲನನ್ನೇ ಬದುವಿನ ಮೇಲೆ ಅಡ್ಡಗಟ್ಟಿದಳು.

"ಸೊಳ್ಳೆಗೆ ದಿನಾ ಕೊಡ್ತೀಯ, ಡಾಕ್ಟ್ರಿಗೆ ಒಂದ್ ತೊಟ್ಟು ಕೊಡಕಾಗಕಿಲ್ವಲಾ?"

ಮೀಸೆಯ ಪಟೇಲ ಕಣ್ಣು ಮುಚ್ಚಿಕೊಂಡು ಬೆರಳು ಕೊಟ್ಟ. ಊರು ಅವನ ಹಿಂದೆಯೇ ಬಂತು.

ಫಜೀತಿ ಶುರುವಾದದ್ದು ಆಮೇಲೆ. ನಮ್ಮ ಬೀದಿಯ ಈಚೆ ಸಾಲಿನ ಮನೆಗಳಿಗೆ ಮಾತ್ರೆ, ಆಚೆ ಸಾಲಿಗಿಲ್ಲ ಎಂದರು ಡಾಕ್ಟರು. ಎರಡನ್ನೂ ಹೋಲಿಸಿದರೇ ಮಾತ್ರೆಯ ಗುಣ ತಿಳಿಯುವುದಂತೆ. ಆಚೆಯವರಿಗೆ ಜ್ವರ ಬಂದರೆ ಕ್ವಿನೈನು ಕೊಡುತ್ತಾರಂತೆ. ದೊಡ್ಡವ್ವ ಸೊಂಟಕ್ಕೆ ಸೆರಗು ಬಿಗಿದಳು.

"ಒಂದೇ ಪಂತೀಲಿ ಕೂರ್ಸಿ, ಅರ್ಧ ಜನುಕ್ಕೆ ಇಕ್ಕಿ ಅರ್ಧ ಜನುಕ್ಕೆ ಇಕ್ಕದೆ ಬುಟ್ರೆ ಆದದಾ ಡಾಕ್ಟ್ರೇ? ನಾ ಕರ್ದಿರೋ ಜನ ಇವ್ರು."

ಎಲ್ಲರಿಗೂ ಬಡಿಸಿದರೆ ಮಾತ್ರೆ ಒಳ್ಳೆಯದೋ ಕೆಟ್ಟದ್ದೋ ಎಂದಿಗೂ ಗೊತ್ತಾಗದು ಎಂದು ಡಾಕ್ಟರು ತಾಳ್ಮೆಯಿಂದ ತಿಳಿಹೇಳಿದರು. ಆಚೆ ಸಾಲಿನವರು ಆಗಲೇ ಎದ್ದು ಹೊರಟಿದ್ದರು. ನಮ್ಮ ಮನೆ ಇದ್ದದ್ದು ಮಾತ್ರೆಯ ಸಾಲಿನಲ್ಲಿ. ದೊಡ್ಡವ್ವ ಒಳಗೆ ಹೋಗಿ ಚಾಪೆ, ಕಂಬಳಿ, ತಾನು ಉಣ್ಣುವ ಗಂಗಾಳ ಹೊತ್ತು ತಂದು, ಬೀದಿ ದಾಟಿ, ಎದುರು ಮನೆಯ ಜಗಲಿಯಲ್ಲಿ ಬಿಡಾರ ಹೂಡಿದಳು! ಕರೆದವಳೇ ಮಾತ್ರೆ ಬಿಟ್ಟು ಕುಳಿತ ಮೇಲೆ ಎದ್ದವರು ಯಾವ ಮುಖ ಹೊತ್ತು ಹೋಗುತ್ತಾರೆ? ಎಲ್ಲರೂ ಒಪ್ಪಿದರು. ದೊಡ್ಡಪ್ಪ ಬೇಡಿದ, ನಾನು ಕಾಲಿಗೆ ಬಿದ್ದೆ. ಹೊತ್ತಿಗೆ ಸರಿಯಾಗಿ ಮುದ್ದೆ ಕಳಿಸಿದರೆ ಸಾಕು ಎಂದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಆಚೆ ಸಾಲಿಗೆ ಜ್ವರ ಬಂತು; ದೊಡ್ಡವ್ವನಿಗೂ ಬಂತು. ಮಾತ್ರೆ ನುಂಗುತ್ತಿದ್ದ ನನ್ನ ಪುಟ್ಟ ಮಗಳನ್ನು ಎತ್ತಿಕೊಂಡು ಎದುರು ಜಗಲಿಗೆ ಓಡಿದೆ. ಕಂಬಳಿಯೊಳಗೆ ಹಲ್ಲು ಕಟಕಟಿಸುತ್ತಿದ್ದವಳು ಕ್ವಿನೈನಿಗೆ ಬಾಯಿ ತೆರೆಯುವ ಮೊದಲು ಕೈ ಚಾಚಿ ಮಗುವಿನ ಹಣೆ ಮುಟ್ಟಿದಳು. ತಣ್ಣಗಿತ್ತು. ನಮ್ಮ ಸಾಲಿನಲ್ಲಿ ಯಾರಿಗೂ ಜ್ವರವಿಲ್ಲ ಎಂದೆ. ದೊಡ್ಡ ಮನುಷ್ಯರನ್ನು ಎಷ್ಟೋ ಕಂಡಿದ್ದೇನೆ; ಅವತ್ತಿನಷ್ಟು ಹೆಮ್ಮೆ ನನಗೆ ಯಾರ ಮುಂದೆಯೂ ಆಗಿಲ್ಲ.

"ಅಂಗಾದ್ರೆ ಇನ್ನು ಈ ಸಾಲ್ಗೂ ಇಕ್ಲಿ ಅಂತ ಡಾಕ್ಟ್ರಿಗೆ ಯೋಳ್ಲಾ," ಎಂದಳು. "ನಾ ಕಡೇಲಿ ತಕ್ಕತೀನಿ."